ಚಿತ್ರವೂ ಫಂಕ್ಷನ್, ಲಯವೂ ಫಂಕ್ಷನ್: ಫಂಕ್ಷನಲ್ ಪ್ರೋಗ್ರಾಮಿಂಗ್‌ನಿಂದ ಕಲೆ ಮತ್ತು ಸಂಗೀತ

ಲೂಪ್ ಬರೆದು ಪಿಕ್ಸೆಲ್ ತುಂಬಿಸಿ ಅಭ್ಯಾಸವಾದವರಿಗೆ, ಫಂಕ್ಷನ್‌ಗಳನ್ನೇ ಜೋಡಿಸಿ ಪ್ರೋಗ್ರಾಂ ಕಟ್ಟುವ ಫಂಕ್ಷನಲ್ ಪ್ರೋಗ್ರಾಮಿಂಗ್‌ನಲ್ಲಿ ಮೊದಲು ಬರುವ ಸಂದೇಹ: ಚಿತ್ರವನ್ನು ಯಾವ ಅರೇಯಲ್ಲಿ ಇಡಬೇಕು? ಎಲ್ಲೂ ಇಡಬೇಕಿಲ್ಲ. ಬಿಂದುವೊಂದನ್ನು ಕೊಟ್ಟರೆ ಅಲ್ಲಿನ ಬಣ್ಣ ಹೇಳುವ ಫಂಕ್ಷನ್ನೇ ಚಿತ್ರ. ಅದೇ ರೀತಿ, ಇಷ್ಟರಿಂದ ಇಷ್ಟರವರೆಗೆ ಎಂದು ಒಂದು ಅವಧಿ ಕೊಟ್ಟರೆ ಅದರೊಳಗೆ ಬೀಳುವ ಪೆಟ್ಟುಗಳನ್ನು ಹೇಳುವ ಫಂಕ್ಷನ್ನೇ ಲಯ. ಮುಂದಿನ ಅನುಕೂಲಗಳೆಲ್ಲ ಇದರಿಂದ ಹುಟ್ಟುತ್ತವೆ, ಕಲಿಯುವಾಗ ಆಗುವ ತಪ್ಪುಗಳೂ ಇದರಿಂದಲೇ ಹುಟ್ಟುತ್ತವೆ.

ಒಂದು ಉಂಗುರ

ಕೇಂದ್ರ (0, 0), ಎರಡೂ ಅಕ್ಷಗಳು −1ರಿಂದ 1ರವರೆಗೆ ಎಂದುಕೊಳ್ಳಿ.

ಉಂಗುರ(ಬಿಂದು) = ಕೇಂದ್ರದಿಂದ ದೂರ 0.4 ಮತ್ತು 0.5ರ ನಡುವೆ ಇದ್ದರೆ ಕಪ್ಪು, ಇಲ್ಲದಿದ್ದರೆ ಬಿಳಿ

ಚಿತ್ರ ಇಷ್ಟೇ. ಪರದೆಗೆ ತರುವುದು ಬೇರೆ ಕೆಲಸ. 500 × 500 ಪರದೆಯಾದರೆ ಈ ಫಂಕ್ಷನ್ನನ್ನು 2,50,000 ಸಲ ಕರೆಯಬೇಕು. 0ಯಿಂದ ಎಣಿಸಿದ ಕ್ರಮಾಂಕ ಐ ಆದ ಪಿಕ್ಸೆಲ್‌ನ ಅಡ್ಡ ಸ್ಥಾನ (2ಐ + 1)/500 − 1. ಆ +1 ಬಿಟ್ಟರೆ ಪಿಕ್ಸೆಲ್‌ನ ನಡುವಿನ ಬದಲು ಅದರ ಅಂಚಿನ ಬಣ್ಣ ಕೇಳಿದಂತಾಗುತ್ತದೆ. ಇಡೀ ಚಿತ್ರ ಅರ್ಧ ಪಿಕ್ಸೆಲ್ ಸರಿಯುತ್ತದೆ, ಕನ್ನಡಿಯಂತೆ ಎರಡು ಬದಿ ಜೋಡಿಸಿದಾಗ ಮಧ್ಯದಲ್ಲಿ ಗೆರೆ ಕಾಣುತ್ತದೆ. ಇನ್ನೊಂದು ವಿಷಯ: ಪರದೆಯಲ್ಲಿ ವೈ ಕೆಳಮುಖವಾಗಿ ಏರುತ್ತದೆ, ಗಣಿತದಲ್ಲಿ ಮೇಲ್ಮುಖವಾಗಿ. ಅದರ ಚಿಹ್ನೆ ಬದಲಿಸುವುದನ್ನು ಈ ಒಂದೇ ಜಾಗದಲ್ಲಿ ಮಾಡಿ, ಚಿತ್ರಗಳ ಒಳಗೆ ಬೇಡ. ಉಂಗುರದ ಅಂಚು ಗರಗಸದ ಹಲ್ಲಿನಂತೆ ಕಂಡರೆ ಪ್ರತಿ ಪಿಕ್ಸೆಲ್‌ನೊಳಗೆ 4 ಬಿಂದುಗಳ ಬಣ್ಣ ಕೇಳಿ ಸರಾಸರಿ ತೆಗೆಯಿರಿ. ಕರೆಗಳು 10 ಲಕ್ಷಕ್ಕೇರುತ್ತವೆ, ಆದರೆ ಉಂಗುರದ ವ್ಯಾಖ್ಯೆಯಲ್ಲಿ ಒಂದಕ್ಷರವೂ ಬದಲಾಗುವುದಿಲ್ಲ.

ಎಲ್ಲವೂ ತಿರುಗುಮುರುಗು

ಇಲ್ಲಿ ಎಡವದವರು ಕಡಿಮೆ, ಹಾಗಾಗಿ ನಿಧಾನವಾಗಿ ನೋಡೋಣ. ಚಿತ್ರವನ್ನು 0.6 ಬಲಕ್ಕೆ ಸರಿಸಬೇಕೆಂದರೆ ಬಿಂದುವನ್ನು 0.6 ಎಡಕ್ಕೆ ಸರಿಸಿ ಹಳೆಯ ಚಿತ್ರವನ್ನು ಕೇಳಬೇಕು:

ಬಲಕ್ಕೆ(ದ, ಚಿತ್ರ) = (ಎಕ್ಸ್, ವೈ) ಕೊಟ್ಟರೆ ಚಿತ್ರ(ಎಕ್ಸ್ − ದ, ವೈ)

ಅರ್ಧಕ್ಕೆ ಕುಗ್ಗಿಸಲು ಬಿಂದುವನ್ನು 2ರಿಂದ ಗುಣಿಸಬೇಕು. ಒಂದು ಕೋನದಷ್ಟು ತಿರುಗಿಸಲು ಬಿಂದುವನ್ನು ಅಷ್ಟೇ ಹಿಂದಕ್ಕೆ ತಿರುಗಿಸಬೇಕು. ದಿಕ್ಕಿನ ಜೊತೆ ಕ್ರಮವೂ ತಲೆಕೆಳಗಾಗುತ್ತದೆ. ಉಂಗುರವನ್ನು ಮೊದಲು ಅರ್ಧಕ್ಕೆ ಕುಗ್ಗಿಸಿ, ಆಮೇಲೆ 0.6 ಬಲಕ್ಕೆ ಸರಿಸಿದ್ದೇವೆ ಎನ್ನಿ. (0.82, 0) ಬಿಂದುವಿನಲ್ಲಿ ಬಣ್ಣ ಯಾವುದು? ಕೊನೆಯಲ್ಲಿ ಮಾಡಿದ್ದನ್ನು ಮೊದಲು ಬಿಚ್ಚಬೇಕು: 0.82 − 0.6 = 0.22, ಅದರ ಎರಡರಷ್ಟು 0.44, ಅಂದರೆ ಕಪ್ಪು. ಮೊದಲು ಗುಣಿಸಿ ಆಮೇಲೆ ಕಳೆದರೆ 1.04 ಬಂದು ಬಿಳಿಯಾಗುತ್ತದೆ, ಉಂಗುರದ ಕೇಂದ್ರ 0.6ರ ಬದಲು 0.3ಕ್ಕೆ ಬಂದು ಕೂರುತ್ತದೆ. ಸರಿಸಿದ ದೂರ ಅರ್ಧವೋ ಎರಡರಷ್ಟೋ ಆಗಿ ಕಂಡರೆ ಬೇರೆಲ್ಲೂ ಹುಡುಕಬೇಡಿ, ಕ್ರಮ ನೋಡಿ.

ಚಿತ್ರಗಳನ್ನು ಹೀಗೆ ಜೋಡಿಸಬಹುದಾದ ಮೌಲ್ಯಗಳೆಂದು ತೋರಿಸಿಕೊಟ್ಟವರು ಕಂಪ್ಯೂಟರ್ ವಿಜ್ಞಾನಿ ಪೀಟರ್ ಹೆಂಡರ್ಸನ್. ಡಚ್ ಕಲಾವಿದ ಎಂ. ಸಿ. ಎಶರ್ 1964ರಲ್ಲಿ ಕೆತ್ತಿದ, ಅಂಚಿನತ್ತ ಹೋದಂತೆ ಸಣ್ಣದಾಗುವ ಮೀನುಗಳ ಮರದಚ್ಚಿನ ಚಿತ್ರವನ್ನು ಅವರು 1982ರಲ್ಲಿ ಪಕ್ಕ, ಮೇಲೆ, ತಿರುಗಿಸು ಎಂಬಂಥ ಕೆಲವೇ ಫಂಕ್ಷನ್‌ಗಳಿಂದ ವರ್ಣಿಸಿದರು. ಮೀನು ಒಂದೇ, ಉಳಿದದ್ದು ರಿಕರ್ಷನ್, ಅಂದರೆ ಫಂಕ್ಷನ್ ತನ್ನನ್ನೇ ಮತ್ತೆ ಕರೆಯುವುದು. ಇಂಥದ್ದನ್ನು ನೀವೇ ಬರೆಯುವಾಗ ನಿಲ್ಲುವ ಷರತ್ತನ್ನು ಆಳದ ಸಂಖ್ಯೆಗಿಂತ ಅಳತೆಯಿಂದ ಕೊಡುವುದು ಒಳ್ಳೆಯದು. 500 ಪಿಕ್ಸೆಲ್‌ನ ಬದಿ 9 ಸಲ ಅರ್ಧವಾದರೆ ಒಂದು ಪಿಕ್ಸೆಲ್‌ಗಿಂತ ಚಿಕ್ಕದು, ಆಮೇಲೆ ಬರೆದದ್ದು ಕಾಣುವುದಿಲ್ಲ. ಪ್ರತಿ ಹಂತದಲ್ಲಿ ನಾಲ್ಕಾಗಿ ಒಡೆದರೆ 9ನೇ ಹಂತಕ್ಕೇ 2,62,144 ತುಂಡುಗಳಿರುತ್ತವೆ.

ಸ್ವರಗಳ ಕೂಡಿಕೆ

ಪಾಲ್ ಹುಡಾಕ್ ಹ್ಯಾಸ್ಕೆಲ್ ಎಂಬ ಫಂಕ್ಷನಲ್ ಭಾಷೆಯಲ್ಲಿ ಕಟ್ಟಿದ ಸಂಗೀತ ಲೈಬ್ರರಿ ಯೂಟರ್ಪಿಯಾದಲ್ಲಿ ಸಂಗೀತವನ್ನು ಕೂಡಿಸಲು ಮುಖ್ಯವಾಗಿ ಎರಡೇ ದಾರಿ: ಒಂದರ ನಂತರ ಒಂದು, ಅಥವಾ ಜೊತೆಜೊತೆಗೆ. ಮೊದಲನೆಯದರಲ್ಲಿ ಅವಧಿಗಳನ್ನು ಕೂಡಿಸಬೇಕು, ಎರಡನೆಯದರಲ್ಲಿ ದೊಡ್ಡದನ್ನು ತೆಗೆದುಕೊಳ್ಳಬೇಕು.

"ಅ ನಂತರ ಬ" ಎಂಬುದರ ಜೊತೆಗೆ "ಕ ನಂತರ ಡ" ನುಡಿಸುವುದೂ, "ಅ ಜೊತೆ ಕ" ಮುಗಿದ ಮೇಲೆ "ಬ ಜೊತೆ ಡ" ನುಡಿಸುವುದೂ ಒಂದೇ ಅನ್ನಿಸುತ್ತದೆ. ಅ ಮತ್ತು ಕ ಸಮ ಅವಧಿಯವಾಗಿದ್ದರೆ ಮಾತ್ರ ಒಂದೇ. ಅ 1/4, ಬ 1/4, ಕ 1/2, ಡ 1/4 ಇರಲಿ. ಮೊದಲ ಜೋಡಣೆಯಲ್ಲಿ ಬ 1/4ಕ್ಕೆ ಶುರುವಾಗುತ್ತದೆ, ಎರಡನೆಯದರಲ್ಲಿ ಕ ಮುಗಿಯುವ ತನಕ ಕಾದು 1/2ಕ್ಕೆ. ಒಟ್ಟು ಅವಧಿ ಎರಡರಲ್ಲೂ 3/4 ಆದ್ದರಿಂದ ಬರೀ ಅವಧಿ ತಾಳೆ ನೋಡುವ ಪರೀಕ್ಷೆ ಈ ತಪ್ಪನ್ನು ಹಿಡಿಯುವುದಿಲ್ಲ. ಪ್ರತಿ ಸ್ವರದ ಆರಂಭದ ಕಾಲವನ್ನೇ ಪಟ್ಟಿ ಮಾಡಿ ಹೋಲಿಸಿ.

ಕಾಲವನ್ನು ಕೇಳುವುದು

ಅಲೆಕ್ಸ್ ಮೆಕ್ಲೀನ್ ರೂಪಿಸಿದ, ಕೋಡ್ ಬರೆದು ಲಯ ಕಟ್ಟುವ ಟೈಡಲ್‌ಸೈಕಲ್ಸ್‌ನಲ್ಲಿ (ಚಿಕ್ಕದಾಗಿ ಟೈಡಲ್) ಲಯ ಎಂದರೆ ನಿಜಕ್ಕೂ ಅವಧಿಯ ಫಂಕ್ಷನ್. ಧ್ವನಿ ಹೊರಡಿಸುವ ಕೆಲಸ ಸೂಪರ್‌ಕೊಲೈಡರ್ ಎಂಬ ಇನ್ನೊಂದು ತಂತ್ರಾಂಶದ್ದು. ಏನನ್ನೂ ಇನ್‌ಸ್ಟಾಲ್ ಮಾಡದೆ ಬ್ರೌಸರ್‌ನಲ್ಲೇ ಕಲಿಯಲು ಟೈಡಲ್‌ನ ಜಾವಾಸ್ಕ್ರಿಪ್ಟ್ ರೂಪವಾದ ಸ್ಟ್ರೂಡಲ್ ಸಾಕು.

ಒಂದು ಆವರ್ತದಲ್ಲಿ (ಲಯದ ಒಂದು ಸುತ್ತು, ಕಾಲದ ಅಳತೆಯಲ್ಲಿ 1) 4 ಪೆಟ್ಟಿರುವ ಲಯವನ್ನು ಎರಡರಷ್ಟು ವೇಗ ಮಾಡುವುದು ಹೇಗೆ? 0ಯಿಂದ 1ರವರೆಗೆ ಕೇಳಿದಾಗ ಒಳಗಿನ ಲಯವನ್ನು 0ಯಿಂದ 2ರವರೆಗೆ ಕೇಳಿ. 8 ಪೆಟ್ಟು ಸಿಗುತ್ತವೆ, ಕೊನೆಯದು 7/4ರಲ್ಲಿ. ಈಗ ಎಲ್ಲ ಕಾಲಗಳನ್ನೂ 2ರಿಂದ ಭಾಗಿಸಿ; ಕೊನೆಯದು 7/8ಕ್ಕೆ ಬರುತ್ತದೆ. ಭಾಗಿಸಲು ಮರೆತರೆ ಅರ್ಧ ಪೆಟ್ಟುಗಳು ಕೇಳಿದ ಅವಧಿಯ ಆಚೆ ಬೀಳುತ್ತವೆ.

ಅವಧಿಯ ಆರಂಭ ಸೇರಬೇಕು, ಅಂತ್ಯ ಸೇರಬಾರದು. ಎರಡನ್ನೂ ಸೇರಿಸಿದರೆ ಸರಿಯಾಗಿ 1ರಲ್ಲಿರುವ ಪೆಟ್ಟು ಹಿಂದಿನ ಆವರ್ತದಲ್ಲೂ ಮುಂದಿನದರಲ್ಲೂ ಎಣಿಕೆಯಾಗಿ ಎರಡು ಸಲ ಬಡಿಯುತ್ತದೆ. ಕಾಲವನ್ನು ದಶಮಾಂಶದಲ್ಲಿ ಇಡಬೇಡಿ, ಭಿನ್ನರಾಶಿಯಲ್ಲೇ ಇಡಿ. ಕಂಪ್ಯೂಟರ್ ದಶಮಾಂಶಗಳನ್ನು ಇಡುವ ಸಾಮಾನ್ಯ ಫ್ಲೋಟ್‌ನಲ್ಲಿ 0.1ನ್ನು ಹತ್ತು ಸಲ ಕೂಡಿದರೆ 0.9999999999999999 ಬರುತ್ತದೆ. ಮುಂದಿನ ಆವರ್ತದ ಮೊದಲ ಪೆಟ್ಟು ಆಗ ಹಿಂದಿನದರ ಬಾಲವಾಗುತ್ತದೆ.

8 ಸ್ಥಾನಗಳಲ್ಲಿ 3 ಪೆಟ್ಟುಗಳನ್ನು ಆದಷ್ಟು ಸಮವಾಗಿ ಹಂಚಲು ಒಂದೇ ಸಾಲು ಸಾಕು: ಸ್ಥಾನವನ್ನು 3ರಿಂದ ಗುಣಿಸಿ 8ರಿಂದ ಭಾಗಿಸಿದಾಗ ಶೇಷ 3ಕ್ಕಿಂತ ಕಡಿಮೆಯಿದ್ದರೆ ಪೆಟ್ಟು. 0, 3, 6ನೇ ಸ್ಥಾನಗಳು ಸಿಗುತ್ತವೆ, ನಡುವಿನ ಅಂತರ 3, 3, 2. ಇದೇ ಸೂತ್ರಕ್ಕೆ 5 ಮತ್ತು 8 ಕೊಟ್ಟರೆ ಬರುವ 2, 2, 1, 2, 1 ಟೈಡಲ್‌ನ 2, 1, 2, 1, 2ಕ್ಕೆ ಹೊಂದುವುದಿಲ್ಲ ಎಂದು ಗಾಬರಿಯಾಗಬೇಡಿ. ವೃತ್ತದ ಸುತ್ತ ಬರೆದು ನೋಡಿ: ಲಯ ಅದೇ, ಶುರುವಾಗುವ ಜಾಗ ಬೇರೆ.

ಟೈಡಲ್‌ನಲ್ಲಿ ವೇಗದ ಅಳತೆ ಸೆಕೆಂಡಿಗೆ ಎಷ್ಟು ಆವರ್ತ ಎಂಬುದು, ನಿಮಿಷಕ್ಕೆ ಎಷ್ಟು ಪೆಟ್ಟು ಎಂದಲ್ಲ. ನಿಮಿಷಕ್ಕೆ 120 ಪೆಟ್ಟು, ಆವರ್ತಕ್ಕೆ 4 ಎಂದಾದರೆ 120/60/4 = 0.5 ಕೊಡಬೇಕು. ನೇರವಾಗಿ 120 ಕೊಟ್ಟರೆ ಲಯ ಹೋಗಿ ಗೊರಗೊರ ಸದ್ದು ಉಳಿಯುತ್ತದೆ.

ಯಾದೃಚ್ಛಿಕತೆಯ ವಿಚಾರದಲ್ಲಿ ಮಾತ್ರ ಹಳೆಯ ಅಭ್ಯಾಸ ಪೂರ್ತಿ ಬಿಡಬೇಕು. ಶುದ್ಧ ಫಂಕ್ಷನ್ ಒಂದೇ ಪ್ರಶ್ನೆಗೆ ಎರಡು ಉತ್ತರ ಕೊಡುವಂತಿಲ್ಲ, ಆದ್ದರಿಂದ ಟೈಡಲ್‌ನಲ್ಲಿ ಯಾದೃಚ್ಛಿಕ ಸಂಖ್ಯೆಯೂ ಕಾಲದ ಫಂಕ್ಷನ್ನೇ. ಅದೇ ಕ್ಷಣ ಕೇಳಿದರೆ ಅದೇ ಸಂಖ್ಯೆ. ಒಂದು ವಾದ್ಯದ ಗಟ್ಟಿತನಕ್ಕೂ ಎಡ-ಬಲ ಹಂಚಿಕೆಗೂ ಅದನ್ನೇ ಬಳಸಿದರೆ ಗಟ್ಟಿಯಾದ ಪೆಟ್ಟುಗಳೆಲ್ಲ ಒಂದೇ ಕಿವಿಯತ್ತ ವಾಲುತ್ತವೆ. ಎರಡರಲ್ಲಿ ಒಂದನ್ನು ಕಾಲದಲ್ಲಿ ಸ್ವಲ್ಪ ಸರಿಸಿ, ಉದಾಹರಣೆಗೆ ಅರ್ಧ ಆವರ್ತ. ಚಿತ್ರಕ್ಕೂ ಇದೇ ಉಪಾಯ: ಸಂಖ್ಯೆಯನ್ನು ಬಿಂದುವಿನ ಸ್ಥಾನದಿಂದಲೂ ನೀವೇ ಆರಿಸಿದ ಒಂದು ಬೀಜಸಂಖ್ಯೆಯಿಂದಲೂ (ಸೀಡ್) ಲೆಕ್ಕ ಹಾಕಿ, ಆ ಬೀಜಸಂಖ್ಯೆಯನ್ನು ಚಿತ್ರದ ಕಡತದ ಹೆಸರಿನಲ್ಲೇ ಬರೆದಿಡಿ.