ಟಗರು ನಗುತ್ತಿಲ್ಲ, ಮೂಸುತ್ತಿದೆ

ನವೆಂಬರ್ ಬಂತೆಂದರೆ ಉತ್ತರ ಅಮೆರಿಕದ ರಾಕಿ ಪರ್ವತಗಳಲ್ಲಿ ಉದ್ದ ಲೆನ್ಸ್ ಹೊತ್ತವರು ಬಿಗ್‌ಹಾರ್ನ್ ಎಂಬ ಕಾಡು ಕುರಿಗಳ ಬೆನ್ನು ಹತ್ತುತ್ತಾರೆ. ಎಲ್ಲರಿಗೂ ಬೇಕಾದದ್ದು ಒಂದೇ ಫೋಟೊ: ಎರಡು ಟಗರುಗಳು ಢೀ ಎಂದು ತಲೆ ಬಡಿಯುವ ಕ್ಷಣ. ದೊಡ್ಡ ಟಗರಿನ ಕೊಂಬುಗಳೇ 13-14 ಕೆಜಿ ತೂಗಬಹುದು, ಆ ಸದ್ದು ಕಣಿವೆಯಿಡೀ ಕೇಳುತ್ತದೆ, ಎಲ್ಲ ನಿಜ. ಆದರೆ ಕೊಂಬಿನ ಗಾತ್ರದಲ್ಲಿ ಎದ್ದು ಕಾಣುವ ವ್ಯತ್ಯಾಸವಿದ್ದರೆ ಚಿಕ್ಕ ಟಗರು ಸಾಮಾನ್ಯವಾಗಿ ಸುಮ್ನೆ ದಾರಿ ಬಿಡುತ್ತದೆ. ಜೋರು ಗುದ್ದಾಟ ನಡೆಯುವುದು ಹೆಚ್ಚಾಗಿ ಸಮ ಜೋಡಿಗಳ ನಡುವೆ.

ನನಗೆ ಅದಕ್ಕಿಂತ ಜಾಸ್ತಿ ಇಷ್ಟವಾಗುವುದು ಇನ್ನೊಂದು ಫೋಟೊ. ಟಗರು ಕತ್ತೆತ್ತಿ, ಮೇಲ್ತುಟಿ ಮಡಚಿ ನಿಂತಿರುತ್ತದೆ. ಅದರ ಕೆಳಗೆ ‘ನಗುವ ಟಗರು’ ಎಂದು ಬರೆದಿರುತ್ತಾರೆ. ನಗುವೂ ಅಲ್ಲ, ಸಿಟ್ಟೂ ಅಲ್ಲ. ಅಲ್ಲಿ ನಡೆಯುತ್ತಿರುವುದು ಮೂತ್ರಪರೀಕ್ಷೆ!

ಟಗರು ಹತ್ತಿರ ಬಂದಾಗ ಹೆಣ್ಣು ಕುರಿ ಹಲವು ಸಲ ಮೂತ್ರ ಮಾಡುತ್ತದೆ. ಟಗರು ಅದಕ್ಕೆ ಮೂತಿ ಹಚ್ಚಿ, ತಲೆ ಎತ್ತಿ, ತುಟಿ ಮಡಚುತ್ತದೆ. ಕುರಿಗೆ ಮೇಲಿನ ಮುಂಹಲ್ಲುಗಳಿಲ್ಲ, ಗಟ್ಟಿ ವಸಡಿನ ಪಟ್ಟಿ ಮಾತ್ರ ಇದೆ. ಅದರ ಹಿಂದೆಯೇ, ಅಂಗುಳಿನಲ್ಲಿ ಎರಡು ಸಣ್ಣ ತೂತುಗಳಿವೆ. ಅಲ್ಲಿಂದ ಹೊರಟ ನಾಳ ಮೂಗಿನ ತಳದಲ್ಲಿರುವ, ಇಂಥ ವಾಸನೆ ಗುರುತಿಸುವ ಜೇಕಬ್‌ಸನ್ ಅಂಗಕ್ಕೆ ಸೇರುತ್ತದೆ. ಗಾಳಿಯಲ್ಲಿ ಹಾರದ ಭಾರವಾದ ಅಣುಗಳನ್ನು ಮಾಮೂಲಿ ಉಸಿರಿನಿಂದ ಮೂಸಲು ಆಗುವುದಿಲ್ಲ, ದ್ರವವನ್ನೇ ಒಳಗೆ ಎಳೆಯಬೇಕು. ಅಂಗದ ಪಕ್ಕದ ರಕ್ತನಾಳಗಳು ಹಿಗ್ಗಿ ಕುಗ್ಗಿ ಆ ಕೆಲಸ ಮಾಡುತ್ತವೆ, ಇಂಕ್ ಫಿಲ್ಲರಿನ ರಬ್ಬರನ್ನು ಒತ್ತಿ ಬಿಟ್ಟ ಹಾಗೆ. ಸುದ್ದಿ ಅಲ್ಲಿಂದ ಮಿದುಳಿಗೆ ಹೋಗುವ ದಾರಿಯೂ ಮಾಮೂಲಿ ವಾಸನೆಯದ್ದಲ್ಲ, ಬೇರೆಯದೇ. ಡೆನ್ಮಾರ್ಕಿನ ವೈದ್ಯ ಲುಡ್ವಿಗ್ ಜೇಕಬ್‌ಸನ್ 19ನೇ ಶತಮಾನದ ಆರಂಭದಲ್ಲೇ ಈ ಅಂಗವನ್ನು ವಿವರಿಸಿದ್ದ. ಇಷ್ಟು ವರ್ಷವಾದರೂ ನಾವು ‘ನಗು’ ಅಂತಲೇ ಬರೆಯುತ್ತಿದ್ದೇವೆ.

ಹೆಣ್ಣು ಬೆದೆಗೆ ಬಂದಿದೆಯೇ ಎಂದು ಟಗರಿಗೆ ತಿಳಿಯುವುದು ಈ ಮೂತ್ರದಿಂದ. ಬೆದೆ ಇರುವುದು ಎರಡು ದಿನದಷ್ಟು ಹೊತ್ತು ಮಾತ್ರ. ಅದಕ್ಕೇ ಈ ಪರೀಕ್ಷೆಗೆ ಅಷ್ಟು ಬೆಲೆ. ಬೆದೆ ಗೊತ್ತಾದ ಮೇಲೆ ಏನಾಗುತ್ತದೆ ಎಂಬುದನ್ನು ಅಮೆರಿಕದ ಮೊಂಟಾನಾ ರಾಜ್ಯದಲ್ಲಿ ಗಮನಿಸಿದ ಜೀವವಿಜ್ಞಾನಿ ಜಾಕ್ ಹಾಗ್ 1984ರಲ್ಲಿ ಪ್ರಕಟಿಸಿದರು. ದೊಡ್ಡ ಟಗರು ಹೆಣ್ಣಿನ ಪಕ್ಕದಲ್ಲೇ ಕಾವಲು ನಿಲ್ಲುತ್ತದೆ. ಕೆಲವು ಟಗರುಗಳು ಬೆದೆಗೆ ಮೊದಲೇ ಹೆಣ್ಣನ್ನು ಅಡ್ಡಗಟ್ಟಿ ಬೇರೆ ಕಡೆ ತಡೆದಿಡುತ್ತವೆ. ಕೆಳ ಅಂತಸ್ತಿನ ಟಗರುಗಳು ಕಾವಲನ್ನು ಭೇದಿಸಿ ನುಗ್ಗುತ್ತವೆ, ಕಡಿದಾದ ಬಂಡೆಯ ಮೇಲೂ. ಮುಂದೆ ಮರಿಗಳ ತಂದೆ ಯಾರೆಂದು ತಳಿಪರೀಕ್ಷೆಯಿಂದ ನೋಡಿದಾಗ, ಹೀಗೆ ನುಗ್ಗಿದವುಗಳ ಪಾಲು ಸಣ್ಣದಿರಲಿಲ್ಲ. ಗುದ್ದಾಟ ಗೆದ್ದವನಿಗೇ ಎಲ್ಲ ಮರಿಗಳು ಎಂಬ ಕಥೆಯನ್ನು ಇನ್ನಾದರೂ ಬಿಡಬಹುದು, ಅಲ್ವಾ?

ಕ್ಯಾಮೆರಾ ಹಿಡಿದವರಿಗೂ ಇದರಿಂದ ಲಾಭವಿದೆ. ತುಟಿ ಮಡಚಿದ ಭಂಗಿ ಕೆಲವು ಸೆಕೆಂಡು ಹಾಗೇ ನಿಲ್ಲುತ್ತದೆ, 1/500 ಸೆಕೆಂಡಿನ ಶಟರ್ ವೇಗ ಸಾಕು. ಹೆಣ್ಣು ಮೂತ್ರಕ್ಕೆ ಬಾಗಿದಾಗಲೇ ಹಿಂದಿರುವ ಟಗರಿನ ಮೇಲೆ ಫೋಕಸ್ ಇಡಿ. ಯೆಲ್ಲೋಸ್ಟೋನ್ ಉದ್ಯಾನದಲ್ಲಿ ಕುರಿಗಳಿಂದ ಕನಿಷ್ಠ 23 ಮೀಟರ್ ದೂರವಿರಬೇಕೆಂಬ ನಿಯಮವಿದೆ. ಬೆದೆಗಾಲದಲ್ಲಿ ಟಗರುಗಳು ಸರಿಯಾಗಿ ಮೇಯದೆ ಸೊರಗಿರುತ್ತವೆ, ಅವನ್ನು ಓಡಿಸಿ ಸುಸ್ತು ಮಾಡಬಾರದು. ಕಾವಲು ಟಗರು ತಟ್ಟನೆ ಪಕ್ಕಕ್ಕೆ ತಿರುಗಿತೋ, ಜೂಮ್ ಕಡಿಮೆ ಮಾಡಿ. ನುಗ್ಗಿ ಬರುವ ಟಗರಿಗೆ ಫ್ರೇಮಿನಲ್ಲಿ ಜಾಗ ಬೇಕು.