ಫ್ಲವರ್ ಬೆಡ್ ಮೇಲೆ ಮಂಚ

ಮುಂಬೈಯ ಬೋರಿವಲಿಯಲ್ಲಿರುವ ನಮ್ಮ ಚಿಕ್ಕಮ್ಮನ ಬೆಡ್‌ರೂಮಿನಲ್ಲಿ ಕಿಟಕಿಯ ಹತ್ತಿರ ಬಂದಾಗ ಟೈಲ್ಸ್ ಬಣ್ಣ ಬದಲಾಗುತ್ತದೆ. ತಲೆ ಎತ್ತಿದರೆ ಅದೇ ಗೆರೆಗೆ ಸರಿಯಾಗಿ ಒಂದು ಬೀಮ್ ಇಳಿಬಿದ್ದಿದೆ. ಗೆರೆಯ ಆಚೆ ಎರಡಡಿ ಜಾಗ. ಅಲ್ಲಿ ಮಂಚದ ತಲೆಭಾಗ ಕೂತಿದೆ.

“ಇಲ್ಲಿ ಮೊದಲು ಗೋಡೆ ಇತ್ತಾ ಚಿಕ್ಕಮ್ಮ?”

“ಹೌದು ಮಾರಾಯ. ಆಚೆದು ಫ್ಲವರ್ ಬೆಡ್ ಅಂತೆ. ನಾವು ಬರುವಾಗಲೇ ಗೋಡೆ ಒಡೆದಿತ್ತು.”

ಹೂವಿನ ಗಿಡದ ಜಾಗದಲ್ಲಿ ಮಂಚ ಬಂದದ್ದು ಹೇಗೆ? ಉತ್ತರ ಇರುವುದು ಕಟ್ಟಡ ನಿಯಮಾವಳಿಯ ಮೊದಲ ಪುಟಗಳಲ್ಲಿ, ಯಾರೂ ಓದದ ‘ವ್ಯಾಖ್ಯೆಗಳು’ ಎಂಬ ಭಾಗದಲ್ಲಿ. ನನ್ನ ಕೇಳಿದರೆ ಇಡೀ ಪುಸ್ತಕದಲ್ಲಿ ಅತಿ ಹೆಚ್ಚು ದುಡ್ಡು ಅಡಗಿರುವುದು ಅಲ್ಲೇ.

ಮೊದಲು ಎಫ್‌ಎಸ್‌ಐ ನೋಡೋಣ. ಬೆಂಗಳೂರಿನವರು ಎಫ್‌ಎಆರ್ ಅನ್ನುವುದೂ ಇದನ್ನೇ. ಎಲ್ಲ ಮಹಡಿಗಳ ವಿಸ್ತೀರ್ಣ ಕೂಡಿಸಿ, ಸೈಟಿನ ವಿಸ್ತೀರ್ಣದಿಂದ ಭಾಗಿಸಿದರೆ ಬರುವ ಸಂಖ್ಯೆ. 1000 ಚದರ ಮೀಟರ್ ಸೈಟಿಗೆ ಎಫ್‌ಎಸ್‌ಐ 1 ಅಂದರೆ ಒಟ್ಟು 1000 ಚದರ ಮೀಟರ್ ಕಟ್ಟಬಹುದು. 250ರಂತೆ ನಾಲ್ಕು ಮಹಡಿ ಕಟ್ಟಿದರೂ ಅಷ್ಟೇ, 125ರಂತೆ ಎಂಟು ಕಟ್ಟಿದರೂ ಅಷ್ಟೇ. ಮುಂಬೈಯ 1991ರ ನಿಯಮದಲ್ಲಿ ದಕ್ಷಿಣದ ಹಳೇ ಊರಿನ ವಸತಿ ಪ್ರದೇಶಕ್ಕೆ ಮೂಲ ಎಫ್‌ಎಸ್‌ಐ 1.33, ಬೋರಿವಲಿಯಂಥ ಉಪನಗರಕ್ಕೆ 1 ಇತ್ತು.

ಲೆಕ್ಕ ಸುಲಭ. ಕಷ್ಟ ಇರುವುದು ಯಾವುದನ್ನು ಕೂಡಿಸಬೇಕು, ಯಾವುದನ್ನು ಬಿಡಬೇಕು ಅನ್ನುವಲ್ಲಿ. ಆಗ ಫ್ಲವರ್ ಬೆಡ್ ಲೆಕ್ಕದ ಹೊರಗೆ ಉಳಿಯುತ್ತಿತ್ತು. ಬಾಲ್ಕನಿಯೂ ಮಹಡಿಯ ಶೇಕಡಾ 10ರವರೆಗೆ ಹೊರಗೇ. ಲೆಕ್ಕಕ್ಕೆ ಸಿಗದ ಜಾಗವನ್ನು ಕಟ್ಟಿ, ಆಮೇಲೆ ಕೋಣೆಗೆ ಸೇರಿಸಿ ಮಾರಿದರೆ? ಹಾಗಾಗಿಯೇ ಎಂಟನೇ ಮಹಡಿಯ ಪ್ರತಿ ಕೋಣೆಗೂ ಒಂದೊಂದು ಹೂದೋಟ. ಇಷ್ಟು ಹೂಪ್ರೇಮ ಬಿಲ್ಡರುಗಳಿಗೆ ಸುಮ್ನೆ ಬಂದದ್ದಲ್ಲ!

2012ರ ಜನವರಿಯಲ್ಲಿ ನಿಯಮ ಬದಲಾಯಿತು. ಫ್ಲವರ್ ಬೆಡ್, ಬಾಲ್ಕನಿ ಎಲ್ಲವೂ ಎಫ್‌ಎಸ್‌ಐ ಲೆಕ್ಕಕ್ಕೆ ಬಂದವು. ಬದಲಿಗೆ ವಸತಿ ಕಟ್ಟಡಗಳಿಗೆ ಶೇಕಡಾ 35ರಷ್ಟು ‘ಫಂಜಿಬಲ್’ ಎಫ್‌ಎಸ್‌ಐ ಸಿಕ್ಕಿತು. ಹೊಸ ಕಟ್ಟಡಕ್ಕಾದರೆ ಸಾಮಾನ್ಯವಾಗಿ ಶುಲ್ಕ ಕಟ್ಟಿ ಪಡೆಯಬೇಕು. ಆ ಜಾಗವನ್ನು ಕೋಣೆಯಾಗಿ ಬೇಕಾದರೂ ಬಳಸಿ, ಬಾಲ್ಕನಿಯಾಗಿ ಬೇಕಾದರೂ ಬಳಸಿ. ಅಲ್ಲಿಗೆ ಹೂವಿನ ನೆಪ ಬೇಡವಾಯಿತು.

ತಮಾಷೆ ಅಂದರೆ, ಬಾಲ್ಕನಿ ಈಗ ಎಫ್‌ಎಸ್‌ಐ ಒಳಗೆ ಸೇರಿದರೂ ಕಾರ್ಪೆಟ್ ಏರಿಯಾಕ್ಕೆ, ಅಂದರೆ ಮನೆಯೊಳಗೆ ಬಳಸಲು ಸಿಗುವ ನೆಲದ ಅಳತೆಗೆ, ಸೇರುವುದಿಲ್ಲ. ರಿಯಲ್ ಎಸ್ಟೇಟ್ ವ್ಯವಹಾರಕ್ಕೆಂದು ಬಂದ 2016ರ ರೇರಾ ಕಾಯ್ದೆ ಹೊರಗೋಡೆ, ಪೈಪು ಹೋಗುವ ಶಾಫ್ಟು, ಬಾಲ್ಕನಿ ಮೂರನ್ನೂ ಕಾರ್ಪೆಟ್ ಏರಿಯಾದಿಂದ ಬಿಡುತ್ತದೆ, ಒಳಗೋಡೆಗಳ ದಪ್ಪವನ್ನು ಸೇರಿಸುತ್ತದೆ. ಗೋಡೆ ನಿಂತ ಜಾಗದಲ್ಲಿ ಜಮಖಾನೆ ಹಾಸೋದು ಹೇಗೆ ಅಂತ ಮಾತ್ರ ಕೇಳಬೇಡಿ.

ಅಟ್ಟಕ್ಕೂ ವ್ಯಾಖ್ಯೆ ಇದೆ. 1991ರ ನಿಯಮದ ಪ್ರಕಾರ ಲಾಫ್ಟ್ ಅಂದರೆ ಎರಡು ಮಹಡಿಗಳ ನಡುವಿನ, ಹೆಚ್ಚೆಂದರೆ 1.5 ಮೀಟರ್ ಎತ್ತರದ, ಸಾಮಾನು ಇಡುವ ಜಾಗ. ನಿಂತರೆ ತಲೆ ತಾಗಬೇಕು, ಅದೇ ಉದ್ದೇಶ. ಮರಾಠಿಯಲ್ಲಿ ಇದನ್ನು ಪೋಟ್‌ಮಾಳಾ ಅನ್ನುತ್ತಾರೆ, ಹೊಟ್ಟೆಯೊಳಗಿನ ಮಹಡಿ. ಎಷ್ಟು ಚೆಂದದ ಮಾತು, ಅಲ್ವಾ?

ಕಟ್ಟಡದ ಬುಡಕ್ಕೆ ಬಂದರೆ ಜಗಳ ಇನ್ನೂ ದೊಡ್ಡದು. ಕಂಬಗಳ ಮೇಲೆ ಕಟ್ಟಡ ಎತ್ತಿ, ಕೆಳಗೆ ಕಾರು ನಿಲ್ಲಿಸುವ ಜಾಗವೇ ಸ್ಟಿಲ್ಟ್. ಮಹಾರಾಷ್ಟ್ರದ 1963ರ ಫ್ಲ್ಯಾಟ್ ಕಾಯ್ದೆಯಲ್ಲಿ ‘ಫ್ಲ್ಯಾಟ್’ ಅನ್ನುವುದರೊಳಗೆ ಗ್ಯಾರೇಜೂ ಸೇರಿತ್ತು. ಸ್ಟಿಲ್ಟ್ ಕೂಡ ಗ್ಯಾರೇಜೇ, ಹಾಗಾಗಿ ಬೇರೆಯಾಗಿ ಮಾರುತ್ತೇವೆ ಅನ್ನುವುದು ಬಿಲ್ಡರ್ ವಾದ. ಮುಂಬೈಯ ಪಾಂಚಾಲಿ ಹೌಸಿಂಗ್ ಸೊಸೈಟಿಯ ಮೊಕದ್ದಮೆ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಸ್ಟಿಲ್ಟ್ ಗ್ಯಾರೇಜಲ್ಲ, ಅದು ಎಲ್ಲರಿಗೂ ಸೇರಿದ ಸಾಮಾನ್ಯ ಜಾಗ ಅಂತ 2010ರಲ್ಲಿ ತೀರ್ಪು ಬಂತು. ಮುಂದೆ ರೇರಾ ಗ್ಯಾರೇಜಿಗೆ ಚಾವಣಿಯ ಜೊತೆ ಮೂರು ಕಡೆ ಗೋಡೆಯೂ ಇರಬೇಕು ಅಂತ ಬರೆದಿಟ್ಟಿತು.

ಚಿಕ್ಕಮ್ಮನ ತುಳಸಿ ಈಗ ಕಿಟಕಿಯ ಹೊರಗೆ ಚಾಚಿಕೊಂಡ ಗ್ರಿಲ್ಲಿನಲ್ಲಿ, ಹಳೇ ಪೇಂಟ್ ಡಬ್ಬಿಯೊಳಗಿದೆ. ಈ ಗ್ರಿಲ್ಲಿಗೆ ನಿಯಮದಲ್ಲಿ ಏನನ್ನುತ್ತಾರೆ ಅಂತ ನಾನು ಶುರು ಮಾಡಿದ್ದೇ ತಡ, ಅವರು ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು.

“ಸುಮ್ನಿರು ಮಾರಾಯ. ಸೊಸೈಟಿ ಸೆಕ್ರೆಟರಿ ಪಕ್ಕದ ಮನೆಯಲ್ಲೇ ಇರೋದು.”