ಕದ್ದ ಮಾಲು ಅಂತ ಗೊತ್ತು, ಪ್ರೂವ್ ಮಾಡೋದು ಹೇಗೆ?

ಹಳೇ ವಿಗ್ರಹ ವಿದೇಶದ ಮ್ಯೂಸಿಯಂನಲ್ಲಿ ಪತ್ತೆ ಅಂತ ನ್ಯೂಸ್ ಬಂದ್ರೆ ಎಲ್ರೂ ಕೇಳೋದು ಒಂದೇ, ಕದ್ದಿದ್ದು ಅಂತ ಗೊತ್ತಿದ್ರೂ ವಾಪಸ್ ಬರೋಕೆ ಇಷ್ಟು ವರ್ಷ ಯಾಕೆ? ಯಾಕಂದ್ರೆ ಕೋರ್ಟಿಗೆ ಬೇಕಿರೋದು ದಾಖಲೆ, ನಮ್ಮ ಫೈಲ್‌ಗಳಲ್ಲಿ ಸಾಮಾನ್ಯವಾಗಿ ಇರೋದು ಅನುಮಾನ.

ದೇವಸ್ಥಾನದಿಂದ ಕಳುವಾಗಿದ್ರೆ ವಾಸಿ, ಯಾರಾದ್ರೂ ಮೊದಲೇ ಫೋಟೋ ತೆಗೆದಿಟ್ಟಿದ್ರೆ. ತಮಿಳುನಾಡಿನ ಶ್ರೀಪುರಂದಾನ್ ನಟರಾಜನನ್ನ ಆಸ್ಟ್ರೇಲಿಯಾದ ನ್ಯಾಷನಲ್ ಗ್ಯಾಲರಿ 2008ರಲ್ಲಿ ಡೀಲರ್ ಸುಭಾಷ್ ಕಪೂರ್ ಹತ್ರ ಸುಮಾರು 50 ಲಕ್ಷ ಡಾಲರ್‌ಗೆ ತಗೊಂಡಿತ್ತು, ಜೊತೆಗೆ ಕೊಟ್ಟ ಪೇಪರ್ಸ್ ನೋಡೋಕೆ ನೀಟಾಗೇ ಇದ್ವು, ಆದ್ರೆ ಪಾಂಡಿಚೇರಿಯ ಫ್ರೆಂಚ್ ಇನ್‌ಸ್ಟಿಟ್ಯೂಟ್‌ನಲ್ಲಿದ್ದ ಹಳೇ ಫೋಟೋಗೂ ಅದಕ್ಕೂ ತಾಳೆ ಆಗೋಯ್ತು. 2014ರಲ್ಲಿ ನಟರಾಜ ವಾಪಸ್ ಬಂದ.

ನಿಜವಾದ ತಲೆನೋವು ನೆಲ ಅಗೆದು ತೆಗೆದ ವಸ್ತುಗಳದ್ದು. ಕಳ್ಳ ಬಿಟ್ರೆ ಅದನ್ನ ನೋಡಿದವ್ರೇ ಇಲ್ಲ, ಫೋಟೋ ಇಲ್ಲ, ಎಫ್‌ಐಆರ್ ಇಲ್ಲ. ಅದಕ್ಕೇ ಈಜಿಪ್ಟ್ 1983ರಲ್ಲಿ, ನೆಲದಡಿ ಸಿಕ್ಕಿದ್ದೆಲ್ಲಾ ಸರ್ಕಾರದ್ದು ಅಂತ ಕಾನೂನು ಮಾಡ್ತು. ಆದ್ರೂ ವಸ್ತು ನಮ್ಮ ಗಡಿಯೊಳಗೇ ಸಿಕ್ಕಿದ್ದು ಅಂತ ತೋರಿಸ್ಬೇಕಲ್ಲ! ಸೆವ್ಸೊ ಅನ್ನೋ ರೋಮನ್ ಬೆಳ್ಳಿ ಪಾತ್ರೆಗಳು 1990ರಲ್ಲಿ ಮಾರಾಟಕ್ಕೆ ಬಂದಾಗ ಹಂಗೇರಿ, ಲೆಬನಾನ್, ಆಗಿನ ಯುಗೊಸ್ಲಾವಿಯಾ ಮೂರೂ ನಮ್ದು ಅಂದ್ವು. ಕೇಸ್ ನ್ಯೂಯಾರ್ಕ್‌ನಲ್ಲಿ ನಡೀತು, 1993ರಲ್ಲಿ ಯಾರ ಹಕ್ಕೂ ಸಾಬೀತಾಗ್ಲಿಲ್ಲ, ಪಾತ್ರೆಗಳು ಇಟ್ಕೊಂಡಿದ್ದವ್ರ ಹತ್ರಾನೇ ಉಳಿದ್ವು. ಹಂಗೇರಿ ಕೊನೆಗೆ 2014ರಲ್ಲೂ 2017ರಲ್ಲೂ ದುಡ್ಡು ಕೊಟ್ಟೇ ತರಿಸ್ಕೊಳ್ತು. ಕೋರ್ಟಲ್ಲಿ ಗೆಲ್ಲೋಕಾಗದ್ದನ್ನ ಖರೀದಿ ಮಾಡೋದು ಮುಂದಿನ ಕಳ್ಳನಿಗೂ ಉತ್ತೇಜನ ಅಂತ ನನ್ನ ಅಭಿಪ್ರಾಯ, ಒಪ್ಪದವ್ರು ಬಹಳ ಜನ ಇದ್ದಾರೆ.

ಕದ್ದ ಹಳೇ ವಸ್ತುಗಳ ಬಗ್ಗೆ ದೇಶಗಳ ನಡುವಿನ ಒಪ್ಪಂದಗಳಿಗೇನೂ ಬರ ಇಲ್ಲ. ಯುನೆಸ್ಕೋದ 1970ರ ಒಪ್ಪಂದ, ಅದು ಜಾರಿಗೆ ಬರೋಕೆ ಮುಂಚೆ ಕಳುವಾಗಿ ಹೋಗಿದ್ದಕ್ಕೆ ಅನ್ವಯ ಆಗಲ್ಲ. 1995ರ ಯುನಿಡ್ರಾ (ದೇಶಗಳ ಖಾಸಗಿ ಕಾನೂನುಗಳನ್ನ ಹೊಂದಿಸೋ ಸಂಸ್ಥೆ) ಒಪ್ಪಂದ ಗಟ್ಟಿ ಇದೆ, ಅಕ್ರಮವಾಗಿ ಅಗೆದದ್ದನ್ನೂ ಕದ್ದದ್ದು ಅಂತಲೇ ನೋಡತ್ತೆ, ಗೊತ್ತಿಲ್ದೆ ತಗೊಂಡವ್ನೂ ವಾಪಸ್ ಕೊಡ್ಬೇಕು, ಸರಿಯಾಗಿ ವಿಚಾರಿಸಿ ತಗೊಂಡಿದ್ರೆ ಪರಿಹಾರ ಸಿಗತ್ತೆ. ಆದ್ರೆ ದೊಡ್ಡ ಮಾರ್ಕೆಟ್ ಇರೋ ಅಮೆರಿಕ, ಬ್ರಿಟನ್ ಅದಕ್ಕೆ ಸೇರೇ ಇಲ್ಲ.

ಹಾಗಾಗಿ ನಾನು ಸಿಕ್ಕವರಿಗೆಲ್ಲಾ ಹೇಳೋದು, ನಿಮ್ಮೂರಿನ ವಿಗ್ರಹಗಳ ಫೋಟೋ ಈಗ್ಲೇ ತೆಗೀರಿ. ಮುಂದಿನದ್ದಷ್ಟೇ ಅಲ್ಲ, ಹಿಂಭಾಗ, ಪೀಠದ ತಳ, ಮುರಿದ ಬೆರಳು, ಬಿರುಕು, ಪಕ್ಕದಲ್ಲಿ ಅಳತೆ ಪಟ್ಟಿ ಇಟ್ಟು. ಗುರುತು ಹಿಡಿಸೋದು ಆ ಗಾಯಗಳೇ. ಒಂದು ಕಾಪಿ ಬೇರೆ ಊರಲ್ಲಿರಲಿ. ಕಾವಲಿಲ್ಲದ ಜಾಗದ ಲೊಕೇಶನ್ ಮಾತ್ರ ಆನ್‌ಲೈನ್ ಹಾಕ್ಬೇಡಿ, ಕಳ್ಳರ ಕೈಯಲ್ಲೂ ಮೊಬೈಲ್ ಇದೆ.